ಮಾವನ ಸುತ್ತಿಗೆಗೆ ಅಳಿಯನ ಎದೆ

"ಈ ಕವಚ ಒಡೆಯೋ ಗಂಡಸು ನ್ಯೂರೆಂಬರ್ಗಿನಲ್ಲಿ ಇನ್ನೂ ಹುಟ್ಟಿಲ್ಲ ಕಣೇ!"

ಹೀಗೆಂದು ಕವಚದ ಕಮ್ಮಾರ ಯೋಸ್ಟ್ ಬೆಳಬೆಳಗ್ಗೆಯೇ ಎದೆ ತಟ್ಟಿಕೊಂಡ. ಠಣ್ ಎಂದಿತು, ಕವಚ ತೊಟ್ಟಿದ್ದನಲ್ಲ! ಹನ್ನೆರಡು ವರ್ಷ ಪರರ ಕುಲುಮೆಯಲ್ಲಿ ಬೆಂದವನು. ಇನ್ನೊಂದು ಗಳಿಗೆಯಲ್ಲಿ ಕಸುಬಿನ ಹಿರಿಯರು ಮನೆಗೇ ಬರುತ್ತಾರೆ. ಕವಚ ಪರೀಕ್ಷಿಸಿ ಹದ್ದಿನ ಮುದ್ರೆ ಒತ್ತಿದರೆ ಸ್ವಂತ ಕುಲುಮೆ. ಇಲ್ಲವಾದರೆ ಸಾಯುವತನಕ ಕೂಲಿ.

ಹೆಂಡತಿ ಓಟಿಲಿ ಎಲೆಕೋಸು ಹೆಚ್ಚುತ್ತಿದ್ದವಳು ತಲೆಯೆತ್ತಲಿಲ್ಲ. "ಗಂಡಸು ಹುಟ್ಟಿಲ್ಲ, ಸರಿ" ಎಂದಳು.

ಗೋಡೆಯ ಮೇಲೆ ಅವಳಪ್ಪ ಮಾಡಿದ ಯುದ್ಧದ ಸುತ್ತಿಗೆ ತೂಗುತ್ತಿತ್ತು. ಒಂದು ಕಡೆ ಚಪ್ಪಟೆ ಮುಖ, ಇನ್ನೊಂದು ಕಡೆ ಬಾಗಿದ ಕೊಕ್ಕು. ಪಾಪ, ಮುದುಕ ಅದಕ್ಕೊಂದು ಮುದ್ರೆ ಬೇಕೆಂದು ಹಂಬಲಿಸಿಯೇ ಸತ್ತ. ಸುತ್ತಿಗೆಗೆ ಮುದ್ರೆ ಬೀಳಬೇಕಾದರೆ ಕವಚದ ಕಮ್ಮಾರನೊಬ್ಬ ತನ್ನ ಕವಚ ಕೊಟ್ಟು, ಅದರ ಮೇಲೆ ಹೊಡೆಸಿ ಒಪ್ಪಬೇಕು. ಅದು ಊರ ಕಟ್ಟಳೆ. ಸ್ವಂತ ಅಳಿಯನೇ ಕೊಡಲಿಲ್ಲ! "ಆ ಮೊಳೆ ಹೊಡೆಯೋ ಸಾಮಾನಿಗೆ ನನ್ನ ಕವಚ ಯಾಕೆ?" ಎಂದಿದ್ದ. ಆ ಮಾತನ್ನು ಓಟಿಲಿ ಆರು ವರ್ಷದಿಂದ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದಳು.

ಈಗ ಅದೇ ಸುತ್ತಿಗೆಯನ್ನು ಇಳಿಸಿ ಅವಳ ಕೈಗೆ ಕೊಟ್ಟನಲ್ಲ ಪುಣ್ಯಾತ್ಮ! ತಲೆಗೂ ಕಬ್ಬಿಣದ ಟೋಪಿ ಏರಿಸಿ ನಿಂತ. "ಹೊಡಿ, ನೋಡೋಣ!"

"ಬೇಡ ಕಣ್ರೀ. ಹಿರಿಯರು ಬರೋ ಹೊತ್ತು."

"ಹೊಡಿಯೇ! ನಿಮ್ಮಪ್ಪನ ಯೋಗ್ಯತೆ ಏನು ಅಂತ ನೀನೂ ನೋಡ್ಕೋ."

ಅವಳು ಚಪ್ಪಟೆ ಮುಖದಿಂದ ಮೆಲ್ಲಗೆ ತಟ್ಟಿದಳು.

"ಥೂ! ನೊಣ ಓಡಿಸ್ತಿದ್ದೀಯಾ? ಅಪ್ಪನಿಗೆ ತಕ್ಕ ಮಗಳು!"

ಅಷ್ಟೇ. ಓಟಿಲಿ ಸುತ್ತಿಗೆಯನ್ನು ತಿರುಗಿಸಿ ಹಿಡಿದಳು.

ಧಡ್! ಕೊಕ್ಕು ಕವಚ ತೂರಿ, ಒಳಗಿನ ದಪ್ಪ ಅಂಗಿಯಲ್ಲಿ ನಾಟಿಕೊಂಡಿತು. ಯೋಸ್ಟ್ ಮಗುಚಿದ ಆಮೆಯಂತೆ ಕೋಸಿನ ರಾಶಿಯ ಮೇಲೆ ಬಿದ್ದ. ಟೋಪಿಯ ಮುಂದಿನ ಮುಚ್ಚಳ ಬೇರೆ ಮುಖದ ಮೇಲೆ ಜಾರಿ ಬಿಗಿದುಕೊಂಡಿತು.

"ಕೀಳೇ ಆ ಸುತ್ತಿಗೇನ!"

"ಎಳೀತಾನೇ ಇದ್ದೀನಿ. ನಿಮ್ಮ ಕವಚ ಗಟ್ಟಿ ಅಲ್ವಾ, ಬರ್ತಿಲ್ಲ!"

ಅಷ್ಟರಲ್ಲಿ ಹಿರಿಯರು ಬಂದೇಬಿಟ್ಟರು. ಅವರಲ್ಲೊಬ್ಬರು ಯೋಸ್ಟನ ಹೊಟ್ಟೆಯ ಮೇಲೆ ಕಾಲಿಟ್ಟು ಸುತ್ತಿಗೆ ಕಿತ್ತರು. ಕವಚದ ತೂತಿಗೆ ಬೆರಳು ತೂರಿಸಿ, ಇದು ಆಗದು ಎಂದು ತಲೆಯಲ್ಲಾಡಿಸಿದರು. ಹನ್ನೆರಡು ವರ್ಷದ ಬೆವರು ನೀರುಪಾಲಾಯಿತು. ಆಮೇಲೆ ಕೊಕ್ಕನ್ನು ಬೆಳಕಿಗೆ ಹಿಡಿದರು.

"ಅಬ್ಬಾ! ತುದಿ ಕೂದಲೆಳೆಯಷ್ಟೂ ಮಣಿದಿಲ್ಲ. ಯಾರ ಕೆಲಸಮ್ಮ ಇದು?"

"ನಮ್ಮಪ್ಪಂದು. ಸತ್ತು ಆರು ವರ್ಷ ಆಯ್ತು."

"ಇದಕ್ಕೆ ಮುದ್ರೆ ಹಾಕಲೇಬೇಕು. ಆದ್ರೆ ಕಟ್ಟಳೆ ಇದೆ ನೋಡು, ಕವಚ ಕೊಟ್ಟ ಕಮ್ಮಾರ ಒಪ್ಕೋಬೇಕು. ಯಾರವನು?"

ಓಟಿಲಿ ಮೇಲಂಗಿಯ ತುದಿಯಿಂದ ಕಣ್ಣೊರೆಸಿಕೊಂಡಳು.

"ನಮ್ಮ ಯಜಮಾನ್ರೇ. ಒಳಗಿದ್ದಾರೆ, ಕೇಳಿ."

ಕಬ್ಬಿಣದೊಳಗಿನಿಂದ ಒಂದು ನರಳಾಟ ಕೇಳಿಸಿತು. ಹಿರಿಯರು ಅದನ್ನೇ ಒಪ್ಪಿಗೆಯೆಂದು ಬರೆದುಕೊಂಡರು.