ನಮ್ಮ ಮನೆಗೆ ನಾನೇ ಅತಿಥಿ

ಮುಂಜಾನೆ ಬೇಗ ಏಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಣ್ಣದೊಂದು ಅನುಮಾನ. ಹಾಸಿಗೆಯಲ್ಲಿ ಸುಖ ಕಾಣದವರೇ ಹಾಗೆ ಎದ್ದು ಊರು ಸುತ್ತುತ್ತಾರೆಂಬುದು ನನ್ನ ಸಿದ್ಧಾಂತ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಹೇಳಿದವನು ನಾನು. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆಂದು ಎಷ್ಟೋ ಮಕ್ಕಳಿಗೆ ಕಲಿಸಿದೆ, ಆದರೆ ಅದನ್ನು ಕಣ್ಣಾರೆ ಕಂಡದ್ದು ಕಡಿಮೆ. ನಿವೃತ್ತನಾದ ಮೇಲಂತೂ ಒಂಬತ್ತರೊಳಗೆ ಗಂಗಾವತಿಯಲ್ಲಿ ಏನೇನು ನಡೆಯುತ್ತದೆಂಬುದು ನನಗೆ ಬರೀ ಕೇಳಿ ಗೊತ್ತಿದ್ದ ಸಂಗತಿಯಾಗಿತ್ತು. ಇಂಥವನನ್ನು ಕೊಪ್ಪಳದ ಡಾಕ್ಟರೊಬ್ಬರು ದಿನಾ ಆರೂವರೆಗೆ ಮಾಳಿಗೆ ಹತ್ತಿಸಿಬಿಟ್ಟರು. ರೋಗ ನನ್ನದಲ್ಲ, ಅವ್ವನದು.

ಅವ್ವನಿಗೀಗ ಎಂಬತ್ತನಾಲ್ಕು. ಎರಡು ವರ್ಷದಿಂದ ಮರೆವಿನ ಕಾಯಿಲೆ. ಆ ಮರೆವಿಗೂ ಒಂದು ವೇಳಾಪಟ್ಟಿ ಇದೆ. ಮುಂಜಾನೆ ಎಲ್ಲವೂ ನೆಟ್ಟಗಿರುತ್ತದೆ. ನನ್ನ ಹೆಸರು, ನಾಲ್ಕನೇ ಇಯತ್ತೆಯಲ್ಲಿ ನಾನು ಕದ್ದ ಮಾವಿನಕಾಯಿ, ಎಲ್ಲ ಅವಳಿಗೆ ನೆನಪು. "ಏಳಲೇ, ದನಾ ಸೈತ ಎದ್ದಾವು" ಎಂದು ಬೈದೇ ಎಬ್ಬಿಸುತ್ತಾಳೆ. ಹೊತ್ತು ಇಳಿದು ಎದುರುಮನೆಯ ನೆರಳು ನಮ್ಮ ಕಟ್ಟೆ ಮುಟ್ಟಿತೆಂದರೆ ಮಾತ್ರ ನಾನು ಯಾರೋ ಆಗಿಬಿಡುತ್ತೇನೆ. ಡಾಕ್ಟರು ಸಮಾಧಾನವಾಗಿ ತಿಳಿಸಿ ಹೇಳಿದರು: "ತಲಿಯೊಳಗ ಒಂದು ಗಡಿಯಾರ ಇರ್ತೈತ್ರಿ ಸರ್. ವಯಸ್ಸಾದಂಗ ಅದು ಸಡಲ ಆಗ್ತೈತಿ, ಈ ಕಾಯಿಲ್ಯಾಗ ಇನ್ನೂ ಜಾಸ್ತಿ. ಮುಂಜಾನಿ ಬಿಸಲು ಕಣ್ಣಿಗೆ ಬೀಳ್ಲಿ, ಹಗಲು ಭಾಳ ಮಲಗಾಕ ಬಿಡಬ್ಯಾಡ್ರಿ. ಪೂರಾ ಗುಣ ಆಗಂಗಿಲ್ಲ, ಸಂಜಿ ಒಂದೀಟು ಹಗುರ ಆಗಬಹುದು."

ಹೀಗೆ ಮಾಳಿಗೆಯ ಮೇಲೆ ಎರಡು ಕುರ್ಚಿ ಬಂದವು. ಮಿಲ್ಲುಗಳಲ್ಲಿ ಭತ್ತ ಬೇಯುವ ಬೆಚ್ಚನೆಯ ವಾಸನೆ ತೇಲಿ ಬರುತ್ತದೆ. ಹೊಗೆ ನೆಟ್ಟಗೆ ಮೇಲೇರಿ, ಮುಂದೆ ಎಲ್ಲಿಗೆಂದು ಮರೆತವರಂತೆ ಅಲ್ಲೇ ನಿಲ್ಲುತ್ತದೆ. ದೂರದ ಗದ್ದೆಗಳ ಕಡೆ ಬೆಳ್ಳಕ್ಕಿಗಳು ಹೋಗುತ್ತವೆ, ಎಳೆಬಿಸಿಲು ಪಾದದಿಂದ ಮೊಣಕಾಲಿಗೆ ಮೆಲ್ಲಗೆ ಹತ್ತುತ್ತದೆ. ನನ್ನ ಕಣ್ಣು ಮುಚ್ಚುತ್ತವೆ. ನಾನು ಎತ್ತಿನ ಚಕ್ಕಡಿಯಲ್ಲಿ ಭತ್ತದ ಚೀಲಗಳ ಮೇಲೆ ಮಲಗಿದ್ದೇನೆ, ಪಕ್ಕದಲ್ಲಿ ಕರಿಗೂದಲಿನ ಅವ್ವ, ಚಕ್ಕಡಿ ಎಲ್ಲಿಗೂ ಮುಟ್ಟುವ ಅವಸರದಲ್ಲಿಲ್ಲ. ಅಷ್ಟರಲ್ಲಿ ಮೊಣಕೈಯ ತಿವಿತ. "ಮಲಗಬ್ಯಾಡಲೇ, ಡಾಕ್ಟರು ಬೈತಾರ" ಎನ್ನುತ್ತಾಳೆ ಬಿಳಿಗೂದಲಿನ ಅವ್ವ.

ಸಂಜೆಯ ಕಥೆ ಬೇರೆ. ಮೊದಮೊದಲು "ನಾ ನಿನ್ನ ಮಗ" ಎಂದು ವಾದ ಮಾಡಿ, ಫೋಟೊ ತೋರಿಸಿ ಅವಳನ್ನು ಅಳಿಸಿದ್ದೆ. ಈಗ ಬಿಟ್ಟಿದ್ದೇನೆ. ಮನೆಗೆ ಬಂದವರನ್ನು ಚಹಾ ಕೊಡದೆ ಕಳಿಸುವ ಪೈಕಿಯವಳಲ್ಲ ಅವ್ವ. "ಬರ್ರಿ, ಕುಂದರ್ರಿ. ಯಾವೂರಾತು ನಿಮ್ದು?" ಎನ್ನುತ್ತಾಳೆ. ಒಂದು ದಿನ ಕುಷ್ಟಗಿ ಎನ್ನುತ್ತೇನೆ, ಇನ್ನೊಂದು ದಿನ ಯಲಬುರ್ಗಾ. ಯಾವ ಊರು ಹೇಳಿದರೂ ಅಲ್ಲಿ ಅವಳಿಗೊಂದು ಬಳಗ ಇದ್ದೇ ಇರುತ್ತದೆ. ಚಹಾ ಮುಗಿದ ಮೇಲೂ ಅತಿಥಿ ಕೂತೇ ಇದ್ದರೆ ಚಂದವೇ? "ಬರ್ತೀನ್ರಿ ಅಮ್ಮಾರ" ಎಂದು ಮುಂಬಾಗಿಲಿನಿಂದ ಹೊರಟು, ಓಣಿ ಸುತ್ತಿ, ಹಿತ್ತಲ ಬಾಗಿಲಿನಿಂದ ಅಡುಗೆಮನೆ ಸೇರುತ್ತೇನೆ. ರೊಟ್ಟಿ ಬಡಿಯುತ್ತಿರುವ ಹೆಂಡತಿ ತಲೆಯೆತ್ತದೆ, "ಬೀಗರು ಹೋದ್ರೇನ್ರಿ?" ಎಂದು ಕೇಳುತ್ತಾಳೆ.

ಈ ಆಟದಲ್ಲಿ ನನಗೊಂದು ಲಾಭವೂ ಇತ್ತು. ಮುಂಜಾನೆ ಸೋಮಾರಿಯಾದ ಮಗ ಸಂಜೆ ಅತಿಥಿಯ ಮುಂದೆ ಅಪ್ಪಟ ಬಂಗಾರ. "ನನ್ನ ಮಗ ಮಾಸ್ತರ ಅದಾನ್ರಿ. ಒಬ್ಬ ಹುಡುಗನ ಮ್ಯಾಲೂ ಕೈ ಎತ್ತಿದಾಂವಲ್ಲ." ಹುಟ್ಟಿದಾಗಿನಿಂದ ನನ್ನೆದುರು ಇಂಥ ಮಾತು ಆಡಿದವಳಲ್ಲ ಅವ್ವ. ಆ ರುಚಿ ಹತ್ತಿ, ನಿಜ ಹೇಳುತ್ತೇನೆ, ಎರಡು ಮೂರು ಸಲ ಬೇಕೆಂದೇ ಮುಂಜಾನೆ ಏಳಲಿಲ್ಲ. ಬಿಸಿಲು ಕಂಡ ದಿನ ಒಮ್ಮೊಮ್ಮೆ ಸಂಜೆಯೂ ಅವ್ವ ನನ್ನ ಗುರುತು ಹಿಡಿಯುತ್ತಿದ್ದಳು; ಬಿಸಿಲು ತಪ್ಪಿದರೆ ಸಂಜೆ ನಾನು ಅತಿಥಿಯಾಗುವುದು ಖಾತ್ರಿ. ಇದನ್ನು ಹೆಂಡತಿಗೂ ಹೇಳಿಲ್ಲ. ಬರೆಯುವಾಗಲೂ ನಾಚಿಕೆಯಾಗುತ್ತಿದೆ.

ಮೊನ್ನೆ ಹಾಗೆ ಮುಸುಕೆಳೆದು ಮಲಗಿದ ದಿನ, ಸಂಜೆ ಹೊಗಳಿಕೆಗೆ ಕಿವಿ ತೆರೆದುಕೊಂಡು ಕೂತೆ. ಅವ್ವ ಹೊಗಳಲಿಲ್ಲ. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ನೀವು ದೊಡ್ಡಾರ ಅಂತ ಹೇಳ್ತೀನ್ರಿ, ಯಾರ ಮುಂದನೂ ಅನಬ್ಯಾಡ್ರಿ. ನನ್ನ ಮಗಗ ಮರವಿನ ರೋಗ ಹತ್ತೈತಿ. ಮುಂಜಾನಿ ನನ್ನ ಮಗ್ಗಲದಾಗ ಇರ್ತಾನ, ಹೊತ್ತು ಇಳಿತಂದ್ರ ಎಲ್ಲಿ ಹೋಗ್ತಾನೋ, ಮನಿ ದಾರಿನ ಮರೀತಾನ. ಡಾಕ್ಟರು ಹೇಳ್ಯಾರಂತ ದಿನಾ ಬಿಸಲಾಗ ಕುಂದರಸ್ತೀನಿ. ಇವತ್ತ ಎಷ್ಟ ಕರದ್ರೂ ಏಳಲಿಲ್ಲ. ನಾಳಿ ನಾ ಸತ್ರ ಅವನ್ನ ಯಾರು ಎಬ್ಬಸ್ತಾರ್ರಿ?"

ನಾನು ಚಹಾದ ಬಟ್ಟಲು ಕೆಳಗಿಟ್ಟೆ. "ನಾ ಎಬ್ಬಸ್ತೀನ್ರಿ ಅಮ್ಮಾರ" ಎಂದೆ.

ಅವ್ವ ನನ್ನನ್ನು ಅಡಿಯಿಂದ ಮುಡಿಯವರೆಗೆ ಸಾವಕಾಶವಾಗಿ ನೋಡಿದಳು. "ಬ್ಯಾಸರ ಮಾಡ್ಕೋಬ್ಯಾಡ್ರಿ, ನಂಬಿಕಿ ಬರವಲ್ದು" ಎಂದಳು. "ನಿಮ್ಮ ಮಾರಿ ನೋಡಿದ್ರ ನೀವೂ ಅವನಂಗ ನಿದ್ದಿಬಡಕರ ಇದ್ದಂಗ ಕಾಣ್ತೀರಿ."