ಮುಂದಿನ ಸಾಲಿನ ಕಲಾವಿದ

ಅನಾಹುತಕ್ಕೆಲ್ಲ ಕಾರಣ ದಿನಕರ ಹೆಗಡೆ ಫೋನಿನಲ್ಲಿ ಒತ್ತಿದ ಒಂದೇ ಶಬ್ದ: 'ಪ್ರಾಣ'.

ಕುಮಟೆಯ ಬ್ಯಾಂಕೊಂದರಲ್ಲಿ ಕೆಲಸಕ್ಕಿದ್ದ ಅರ್ಚಿತಾಳ ಜಾತಕ ಅವನ ಜಾತಕಕ್ಕೆ ಕೂಡಿಬಂದಿತ್ತು. ಹೊನ್ನಾವರದ ಕಾಲೇಜು ಆಫೀಸಿನಲ್ಲಿ ಕೂತೇ ತಲೆ ನರೆಯತೊಡಗಿದ್ದ ದಿನಕರನಿಗೆ ಜಾತಕ ಕೂಡುವುದು ಹೊಸದಲ್ಲ. ಹುಡುಗಿ ಒಪ್ಪುವುದೊಂದೇ ಬಾಕಿ. ಅವಲಕ್ಕಿ, ಚಾ ಇಟ್ಟು ತೋರಿಸುವ ಶಾಸ್ತ್ರ ಬೇಡವೆಂದು ಅವಳೇ ಬರೆದಿದ್ದಳು. 'ಶನಿವಾರ ಸಂಜೆ ಇಲ್ಲಿ ಕಂಟೆಂಪರರಿ ಡಾನ್ಸ್ ಇದೆ. ಹೊಸ ಬಗೆಯ ಶಾಸ್ತ್ರೀಯ ಸಂಗೀತವನ್ನು ಸ್ಟೇಜಿನ ಮೇಲೇ ಕೂತು ನುಡಿಸುತ್ತಾರಂತೆ. ನಿಮಗೆ ಅಂಥದ್ದು ಇಷ್ಟವಾ?'

ದಿನಕರ 'ಪ್ರಾಣ' ಎಂದು ಕಳಿಸಿದ. ಆಮೇಲೆ ಅದು ಎಂಥದ್ದೆಂದು ಹುಡುಕತೊಡಗಿದ.

ಶನಿವಾರ ಬೆಳಿಗ್ಗೆ ಅವನು ಕನ್ನಡಿಯ ಮುಂದೆ ನಿಂತು 'ಇಲ್ಲಿ ದೇಹವೇ ಭಾಷೆ' ಎಂದು ಬಾಯಿಪಾಠ ಮಾಡುತ್ತಿದ್ದಾಗ, ಸಂಬಂಧ ಕುದುರಿಸಿದ ಪಕ್ಕದ ಮನೆಯ ಶಾಂತಾರಾಮ ಮಾವ ಒಳಗೆ ಬಂದರು.

"ಅದೆಂತದೋ ಟೆಂಪರರಿ ಡಾನ್ಸಡ?"

"ಕಂಟೆಂಪರರಿ, ಮಾವಾ."

"ಎಂತಾದ್ರೂ ಆಗ್ಲಿ. ನಾನೂ ನಿನ್ನ ಗಂಗತ್ತೆನೂ ಬತ್ಯ. ಒಬ್ಬನೇ ಹೋದ್ರೆ ಹಿಂದೆ ಮುಂದೆ ಯಾರೂ ಇಲ್ದವ ಹೇಳಿ ಹುಡುಗಿ ತಿಳ್ಕತ್ತು."

ಸಂಜೆ ಗಂಗತ್ತೆ ತಲೆದಿಂಬು, ಶಾಲು, ಥರ್ಮಾಸು, ಡಬ್ಬಿ ತುಂಬ ಚಕ್ಕುಲಿ ಹಿಡಿದು ಕುಮಟೆಯ ಬಸ್ಸು ಹತ್ತಿದರು. ಕರ್ಕಿಯ ಯಕ್ಷಗಾನದ ಆಟಗಳಿಗೆ ಹೋಗಿ ರೂಢಿಯಾದ ಅವರ ಲೆಕ್ಕದಲ್ಲಿ ಕುಣಿತವೆಂದರೆ ಬೆಳಗಿನವರೆಗೆ.

ಅರ್ಚಿತಾ ಮುಂದಿನ ಸಾಲಿನಲ್ಲೇ ಜಾಗ ಹಿಡಿದಿದ್ದಳು. ಅವಳ ಪಕ್ಕ ದಿನಕರ, ಆಚೆಗೆ ಮಾವ, ಅತ್ತೆ, ಕೊನೆಯ ಕುರ್ಚಿಯಲ್ಲಿ ತಲೆದಿಂಬು. ಸ್ಟೇಜಿಗೆ ಪರದೆ ಇರಲಿಲ್ಲ. ಒಬ್ಬ ಹಲಸಿನ ಹಣ್ಣು ಬಿಡಿಸಲು ಕೂತವನಂತೆ ದೊಡ್ಡ ಪಿಟೀಲನ್ನು ಮೊಣಕಾಲುಗಳ ನಡುವೆ ಇರುಕಿಸಿಕೊಂಡಿದ್ದ. ಇನ್ನೊಬ್ಬ ತಗಡು, ಬಟ್ಟಲು ಹರಡಿಕೊಂಡು ಕಲಾಯಿ ಹಾಕುವವನಂತೆ ಕಾಣುತ್ತಿದ್ದ. ಪಿಟೀಲಿನವನು ಒಂದೇ ತಂತಿಯನ್ನು ತುಂಬ ಹೊತ್ತು ಉಜ್ಜಿದ.

"ಶ್ರುತಿ ಮಾಡ್ತಾ ಇದ್ದ," ಎಂದರು ಮಾವ.

ಬಹಳ ಹೊತ್ತಿನ ಮೇಲೆ, "ಇನ್ನೂ ಸೇರಿದ ಹಾಂಗೆ ಕಾಣ್ತಿಲ್ಲೆ," ಎಂದರು.

ದಿನಕರ ಅರ್ಚಿತಾಳತ್ತ ಬಾಗಿ, "ಇಲ್ಲಿ ದೇಹವೇ ಭಾಷೆ," ಎಂದ. ಅವಳು "ಹೌದಾ" ಎಂದು, ಆಕಳಿಕೆಯಂಥದ್ದೇನನ್ನೋ ಅಂಗೈಯಲ್ಲಿ ಮುಚ್ಚಿಕೊಂಡಳು.

ಅಷ್ಟರಲ್ಲಿ ಬೂದು ಬಣ್ಣದ ಬಟ್ಟೆಯ ನರ್ತಕ ಸುಜಯ ನಡೆಯುತ್ತ ಬಂದು, ಸ್ಟೇಜಿನ ನಡುವೆ ಧಡಾರನೆ ಬಿದ್ದ. ಬೆನ್ನು ಬಿಲ್ಲಿನಂತೆ ಬಾಗಿತು. ಕೈಬೆರಳು ಸೊಟ್ಟಗಾದವು. ಹಿಮ್ಮಡಿ ಹಲಗೆಗೆ ಪಟಪಟ ಬಡಿಯತೊಡಗಿತು.

"ಫಿಟ್ಸು," ಎಂದರು ಗಂಗತ್ತೆ. "ನಮ್ಮನೆ ಆಳು ಬೀರಂಗೂ ಹೀಂಗೇ ಆಗಿತ್ತು."

"ಕಬ್ಬಿಣ ಕೊಡವು ಕೈಗೆ," ಎಂದರು ಮಾವ. "ಕೀ ಗೊಂಚಲಿದ್ರೆ ಸಾಕು. ನೋಡು, ಅತ್ಲಾಗೆ ಅಂವ ಸಾಯ್ತಾ ಇದ್ದ, ಇವ ಇನ್ನೂ ಶ್ರುತಿ ಮಾಡ್ತಾ ಇದ್ದ."

ದಿನಕರನಿಗೆ ಬಾಯಿಪಾಠವೆಲ್ಲ ಮರೆತುಹೋಯಿತು. ಮನೆ, ಬೈಕು, ಆಫೀಸು ಮೂರೂ ತೂಗುತ್ತಿದ್ದ ಗೊಂಚಲನ್ನು ಕಿಸೆಯಿಂದ ಎಳೆದುಕೊಂಡವನೇ ಸ್ಟೇಜು ಹತ್ತಿದ. ಸುಜಯನ ಅಂಗೈಗೆ ಕೀ ತುರುಕಿ, ಬೆರಳು ಒಂದೊಂದಾಗಿ ಮಡಚಿ, ಹಣೆ ಸವರಿ, "ಎಂತೂ ಆಗ್ತಿಲ್ಲೆ, ಹೆದರಡ," ಎಂದ.

ಸುಜಯ ಒಂದು ಕಣ್ಣು ತೆರೆದು ನೋಡಿದ. ಮತ್ತೊಂದನ್ನೂ ತೆರೆದ. ಕಸುಬು ಬಲ್ಲವನು; ಕುಣಿತ ನಿಲ್ಲಿಸಲಿಲ್ಲ. ಗೊಂಚಲನ್ನು ಕಿವಿಯ ಹತ್ತಿರ ತಂದು ಅಲ್ಲಾಡಿಸಿದ. ಝಲ್ ಎಂದಿತು. ಬಟ್ಟಲಿನವನು ಬಟ್ಟಲಿಗೆ ಬಡಿದು ಉತ್ತರ ಕೊಟ್ಟ. ಸುಜಯ ಎದ್ದು ಸ್ಟೇಜು ಸುತ್ತತೊಡಗಿದ. ಆಗಲೇ ದಿನಕರನಿಗೆ ಇದು ಫಿಟ್ಸಲ್ಲ ಎಂದು ಹೊಳೆದದ್ದು. ಕೀ ಇಲ್ಲದೆ ಮನೆಗೆ ಹೋಗುವಂತಿಲ್ಲ. ಹಿಂದೆಯೇ ಓಡಿದ. ಅವನು ಬಾಗಿದರೆ ಇವನೂ ಬಾಗಿದ. ಅವನು ಹಾರಿದರೆ ಇವನು ಪ್ಯಾಂಟು ಬಿಗಿ ಹಿಡಿದುಕೊಂಡು ಹಾರಿದ.

"ಈಗ ಕತೆ ಬಂತು," ಎಂದು ಮಾವ ಚಕ್ಕುಲಿ ಡಬ್ಬಿ ತೆರೆದರು.

ಕೊನೆಗೆ ಸುಜಯ ಮೊಣಕಾಲೂರಿ ಕೀ ಒಪ್ಪಿಸಿದ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಬೆವೆತ ದಿನಕರ ಏನು ಮಾಡುವುದೆಂದು ತಿಳಿಯದೆ, ಕಲಾವಿದರೊಟ್ಟಿಗೆ ಕೈ ಹಿಡಿದು ಬಗ್ಗಿ ನಮಸ್ಕಾರ ಮಾಡಿದ.

ಹೊರಗೆ ಸ್ಕೂಟಿಯ ಹತ್ತಿರ ನಿಂತಿದ್ದ ಅರ್ಚಿತಾಳ ಮುಖದಲ್ಲಿ ಸಂಜೆಯಿಂದ ಕಾಣದಿದ್ದ ಬೆಳಕಿತ್ತು.

"ಒಂದು ಕೇಳ್ತೇನೆ, ನಿಜ ಹೇಳಿ. ಸ್ಟೇಜಿಗೆ ಯಾಕೆ ಓಡಿದ್ರಿ?"

ನಿಜ ನಾಲಗೆಯ ತುದಿಗೇ ಬಂದಿತ್ತು. ಆದರೆ ದಾಟಿಹೋಗುತ್ತಿದ್ದ ಗಡ್ಡದವರೊಬ್ಬರು ಅವನ ಕೈ ಕುಲುಕಿ "ಅದ್ಭುತ ಸ್ಪಂದನೆ" ಎಂದುಬಿಟ್ಟರು. ನಿಜ ಬಂದ ದಾರಿಯಲ್ಲೇ ಒಳಗೆ ಹೋಯಿತು.

"ಕಲಾವಿದ ಮತ್ತು ಪ್ರೇಕ್ಷಕನ ನಡುವಿನ ಗೋಡೆಯನ್ನು ಒಡೆಯಬೇಕೆನ್ನಿಸಿತು," ಎಂದ ದಿನಕರ, ಅಚ್ಚು ಹಾಕಿದ ಕನ್ನಡದಲ್ಲಿ.

ಅರ್ಚಿತಾ ಸ್ಕೂಟಿಯ ಮೇಲಿದ್ದ ಹೆಲ್ಮೆಟ್ ಎತ್ತಿಕೊಂಡಳು. ಆಮೇಲೆ ಆಡಿದ್ದು ಹವ್ಯಕರ ಮನೆಮಾತು.

"ಹಂಗಾ. ನಂಗೆ ಫಿಟ್ಸೇ ಹೇಳಿ ಆಗಿತ್ತು. ಬ್ಯಾಗಲ್ಲಿ ಸ್ಕೂಟಿ ಕೀ ಹುಡುಕ್ತಾ ಇದ್ದಿದ್ದಿ, ಅಷ್ಟ್ರಲ್ಲಿ ನೀವು ಓಡಿದ್ರಿ. ಮನುಷ್ಯ ಹೇಳಿದ್ರೆ ಇವ ಹೇಳಿ ಕಂಡಿತ್ತು. ಇಂಥಾ ಡಾನ್ಸು ನಂಗೆ ಒಂಚೂರೂ ತಿಳಿತಿಲ್ಲೆ. ನೋಡಕ್ಕೆ ಬಂದ ಗಂಡೆಲ್ಲ ನಂಗೆ ಕಲೆ ಇಷ್ಟ, ಪುಸ್ತಕ ಇಷ್ಟ ಹೇಳ್ತ. ತಿಳಿತಿಲ್ಲೆ ಹೇಳಿ ಬಾಯ್ಬಿಟ್ಟು ಹೇಳುವವ ಒಬ್ಬನಾದ್ರೂ ಸಿಕ್ಕಲಿ ಹೇಳೇ ಇಲ್ಲಿಗೆ ಕರೆದಿದ್ದು."

ದಿನಕರ ಕೀ ಗೊಂಚಲನ್ನು ಎತ್ತಿ ತೋರಿಸಿದ. "ನಂಗೂ ಫಿಟ್ಸೇ ಹೇಳಿ ಆಗಿತ್ತು. ದೇವರಾಣೆ."

"ಈಗ ನನ್ನ ಮಾತಿಗೆ ತಾಳ ಹಾಕಡಿ."

ಅಷ್ಟರಲ್ಲಿ ತಲೆದಿಂಬು ಹೊತ್ತ ಅತ್ತೆಯೊಡನೆ ಶಾಂತಾರಾಮ ಮಾವ ಹೊರಬಂದರು. ದಿನಕರನಿಗೆ ಹೋದ ಜೀವ ಬಂತು. ಸಾಕ್ಷಿ ಕಾಲ ಮೇಲೆ ನಡೆದುಕೊಂಡು ಬರುತ್ತಿತ್ತು.

"ಮಾವಾ, ನೀವೇ ಹೇಳಿ. ನಾ ಸ್ಟೇಜು ಹತ್ತಿದ್ದು ಎಂತಕ್ಕೆ?"

ಮಾವ ಹುಡುಗಿಯ ಮುಖ ನೋಡಿದರು, ಹುಡುಗನ ಮುಖ ನೋಡಿದರು. ಇಂಥ ಹೊತ್ತಿನಲ್ಲಿ ಹುಡುಗನ ಪರವಾಗಿ ಏನು ಹೇಳಬೇಕೆಂಬುದು ಊರಿನ ಅರ್ಧ ಮದುವೆ ಮಾಡಿಸಿದ ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

"ಅದೆಂತ ಕೇಳ್ತೆ ತಂಗೀ," ಎಂದರು, ದಿನಕರನ ಬೆನ್ನು ತಟ್ಟುತ್ತ. "ಹದಿನೈದು ದಿನ್ದಿಂದ ಮನೇಲಿ ಅದನ್ನೇ ಪ್ರಾಕ್ಟೀಸ್ ಮಾಡ್ತಿದ್ದ."

ಅರ್ಚಿತಾ ಹೆಲ್ಮೆಟ್ ಹಾಕಿಕೊಂಡಳು.