ಬೆಸ್ಟ್ ಬೌಲರನ ಅಕ್ಕ

ಖಜೂರಿಯ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಿಯ ಕಪ್ ಯಾರದೆಂಬುದಕ್ಕೆ ತಕರಾರೇ ಇರಲಿಲ್ಲ. ಜಗಳ ಹತ್ತಿದ್ದು ಈ ಸೀಜನ್ನಿನ ಬೆಸ್ಟ್ ಬೌಲರ್ ಯಾರು ಎಂಬುದಕ್ಕೆ. ಎಲ್ಲರಿಗಿಂತ ಹೆಚ್ಚು ವಿಕೆಟ್ ಕಿತ್ತವನು ಊರಿನವನೇ ಆದ ಅಲ್ತಾಫ. ಆದರೆ ಪಕ್ಕದೂರು ಮಟಕಿಯ ಶರಣಕುಮಾರನ ಬಾಲಿಗೆ ರನ್ ಹೊಡೆಯುವುದು ಜಿಪುಣ ಬೀಗರ ಮನೆಯಲ್ಲಿ ಎರಡನೇ ಸಲ ತುಪ್ಪ ಹಾಕಿಸಿಕೊಂಡಷ್ಟೇ ಕಷ್ಟ. ಕಮಿಟಿಯವರು ಕಿತ್ತಾಡಿ ಸುಸ್ತಾದ ಮೇಲೆ ಅಧ್ಯಕ್ಷ ಜಗದೇವಪ್ಪ ಗೌಡರು ಕಾಮೆಂಟರಿ ಹೇಳುವ ಸಿದ್ದಲಿಂಗನ ಕಡೆ ಬೆರಳು ತೋರಿಸಿದರು.

"ಎಲ್ಲಾ ಮ್ಯಾಚ್ ನೋಡಿದಾಂವ ನೀ ಒಬ್ಬನೇ. ಸಂಜಿಗಿ ಮೈಕಿನ್ಯಾಗ ಹೆಸರು ಹೇಳು. ನೀ ಹೇಳಿದ್ದೇ ಫೈಸಲಾ."

"ನನಗ ಬ್ಯಾಡ್ರಿ ಗೌಡ್ರ..."

"ಯಾಕಲೇ? ನಿನಗೇನು ಹೆಂಡ್ತಿ ಅದಾಳೋ, ಬೀಗರು ಅದಾರೋ? ಯಾರ ಮುಲಾಜೂ ಇಲ್ಲ!"

ಮುಲಾಜು ಇತ್ತು. ಹೋದ ವಾರವಷ್ಟೇ ಸಿದ್ದಲಿಂಗ ಮಟಕಿಗೆ ಹೋಗಿ ಶರಣಕುಮಾರನ ಅಕ್ಕ ಸೃಷ್ಟಿಯನ್ನು ನೋಡಿ ಬಂದಿದ್ದ. ಇದು ಎಷ್ಟನೇ ಕನ್ಯೆ ಎಂದು ಅವನ ಅವ್ವ ಗುರುಬಾಯಿ ಲೆಕ್ಕ ಇಡುವುದನ್ನೇ ಬಿಟ್ಟಿದ್ದಳು. ಆದರೆ ಈ ಹುಡುಗಿ ಚಹಾ ಕೊಡುತ್ತ, "ನಿಮ್ಮ ಕಾಮೆಂಟರಿ ಮೊಬೈಲಿನ್ಯಾಗ ಕೇಳೇನ್ರಿ" ಎಂದು ನಕ್ಕಿದ್ದಳು. ಅಂದಿನಿಂದ ಸಿದ್ದಲಿಂಗನಿಗೆ ಊಟ ರುಚಿಸುತ್ತಿರಲಿಲ್ಲ. ಆ ಮನೆಯ ಉತ್ತರ ಇನ್ನೂ ಬಂದಿರಲಿಲ್ಲ.

ಮನೆಗೆ ಬಂದರೆ ಅಲ್ತಾಫನ ತಾಯಿ, ಪಕ್ಕದ ಮನೆಯ ನಜಮುನ್ನಿಸಾ ಖಾಲಾ, ಬಟ್ಟಲು ತುಂಬ ಖೀರು ಹಿಡಿದು ಕೂತಿದ್ದಳು.

"ತಿನ್ನು ಬೇಟಾ. ಅಲ್ತಾಫ ನಿನ್ನ ತಮ್ಮ ಇದ್ದಂಗ. ಮಟಕಿ ಹುಡುಗಿ ಸಲುವಾಗಿ ತಮ್ಮನ್ನ ಮರಿತಿಯೇನು?"

ಗುರುಬಾಯಿಯ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲವೆಂಬುದು ಸಿದ್ದಲಿಂಗನಿಗೆ ಆಗ ನೆನಪಾಯಿತು. ಮೊದಲ ಚಮಚ ಬಾಯಿಗಿಡುವಷ್ಟರಲ್ಲಿ ಫೋನು ಬಂತು. ಶರಣಕುಮಾರ! ಅಕ್ಕನ ಗಂಡನನ್ನು ಕರೆಯುವಂತೆ ಆಗಲೇ ಮಾವ ಎನ್ನುತ್ತಿದ್ದ.

"ಮಾವ, ಸಂಜಿಗಿ ಬರಾಕತ್ತೇನಿ. ಅಕ್ಕನ ಮಾತೂ ಅಲ್ಲೇ ಮುಗಸೂಣು. ಮೊದಲ ನಿಮ್ಮ ಮಾತು ಕೇಳ್ತೇವಿ."

ಖೀರು ಗಂಟಲಲ್ಲೇ ನಿಂತಿತು. ಅದರಿಂದಲೇ ಒಂದು ಉಪಾಯವೂ ಹೊಳೆಯಿತು. ಸಿದ್ದಲಿಂಗ ಕೊರಳಿಗೆ ಮಫ್ಲರ್ ಸುತ್ತಿಕೊಂಡು, ದನಿ ಹೋಗಿದೆಯೆಂದು ಕೈಸನ್ನೆ ಮಾಡುತ್ತ ಚಹಾದಂಗಡಿಗೆ ಬಂದ. ಊರಿಗೆ ಊರೇ ವೈದ್ಯನಾಯಿತು. ಒಬ್ಬ ಮೆಣಸು ಜಗಿಸಿದ, ಇನ್ನೊಬ್ಬ ಮುಕ್ಕಳಿಸಲು ಉಪ್ಪುನೀರು ಕೊಟ್ಟ, ಲಾರಿ ಡ್ರೈವರನೊಬ್ಬ ಎದೆಗೆ ಜಂಡು ಬಾಮು ತಿಕ್ಕಿದ. ಅಷ್ಟರಲ್ಲಿ ಗುರುಬಾಯಿ ಹುಡುಕಿಕೊಂಡು ಬಂದಳು.

"ದನಿ ಎಲ್ಲಿ ಹೋಗ್ಯಾದ? ಈಗರೆ ಫೋನಿನ್ಯಾಗ ಹೂಂ ಹೂಂ ಅಂದಿ!"

ದಾರಿಯಲ್ಲಿ ಅಲ್ತಾಫ ಸಿಕ್ಕ. ಅವನು ಬೇಡಲಿಲ್ಲ, ಬೆದರಿಸಲಿಲ್ಲ.

"ಅಣ್ಣಾ, ಖರೆ ಏನದ ಅದು ಹೇಳು, ಸಾಕು."

ಖರೆ ಏನೆಂದು ಸಿದ್ದಲಿಂಗನಿಗೆ ಚೆನ್ನಾಗಿ ಗೊತ್ತಿತ್ತು. ವಿಕೆಟ್ ಬೀಳಿಸಿ ಮ್ಯಾಚ್ ಗೆಲ್ಲಿಸಿದವನು ಅಲ್ತಾಫನೇ. ಆದರೆ ಅಲ್ತಾಫನಿಗೆ ಅಕ್ಕ ಇರಲಿಲ್ಲ, ಇದ್ದರೂ ಉಪಯೋಗವಿರಲಿಲ್ಲ.

ಸಂಜೆ ಮೈಕ್ ಕೈಗೆ ಬಂತು. ಸಿದ್ದಲಿಂಗ ಕಣ್ಣು ಮುಚ್ಚಿ ಶರಣಕುಮಾರನ ಹೆಸರು ಹೇಳಿಬಿಟ್ಟ. ಮೈದಾನದಲ್ಲಿ ಒಂದು ಚಪ್ಪಾಳೆಯೂ ಬೀಳಲಿಲ್ಲ. ಹೆದರಿಕೆಗೆ ಅವನ ನಾಲಿಗೆ ಬ್ರೇಕ್ ಇಲ್ಲದ ಟಂಟಂ ಆಟೊದಂತೆ ಓಡಿತು. ಬೌಲಿಂಗ್ ಒಂದೇ ಅಲ್ಲ, ಹುಡುಗನ ನಡತೆ ನೋಡಿರಿ, ಮನೆತನ ನೋಡಿರಿ, ಆ ಮನೆಯ ಹೆಣ್ಣುಮಕ್ಕಳ ಸಂಸ್ಕಾರ ನೋಡಿರಿ ಎಂದೆಲ್ಲ ಹೊಗಳಿದ. ಅಷ್ಟರಲ್ಲಿ ಖಾಲಾ ಅವನು ಮಟಕಿಯಲ್ಲಿ ಕನ್ಯೆ ನೋಡಿ ಬಂದ ಸುದ್ದಿಯನ್ನು ಮೈದಾನದ ತುಂಬ ಹಬ್ಬಿಸಿದ್ದಳು. ವೇದಿಕೆಯ ಮೇಲಿದ್ದ ಗೌಡರಿಗೆ ಮಾತ್ರ ಅದು ಮುಟ್ಟಿರಲಿಲ್ಲ.

ಬಹುಮಾನ ಕೊಟ್ಟ ಗೌಡರು ಶರಣಕುಮಾರನನ್ನು ಪಕ್ಕಕ್ಕೆ ಕರೆದು ಏನೋ ಕೇಳಿದರು. ಅವನು ಮನೆಗೆ ಫೋನು ಹಚ್ಚಿದ, ತಲೆಯಾಡಿಸಿದ, ಗೌಡರ ಕಾಲಿಗೆ ಬಿದ್ದ. ಆಮೇಲೆ ಬಂದು ಸಿದ್ದಲಿಂಗನ ಎರಡೂ ಕೈ ಹಿಡಿದುಕೊಂಡ.

"ನಿಮ್ಮ ಉಪಕಾರ ಮರಿಯಂಗಿಲ್ರಿ, ಅಣ್ಣಾರ!"

ಬೆಳಗ್ಗೆ ಮಾವನಾಗಿದ್ದವನು ಸಂಜೆಗೆ ಅಣ್ಣನಾದದ್ದು ಹೇಗೆಂದು ಸಿದ್ದಲಿಂಗ ಕೇಳುವ ಮೊದಲೇ ಗೌಡರು ಅವನ ಬೆನ್ನು ತಟ್ಟಿದರು.

"ಲೇ ಸಿದ್ದ್ಯಾ, ಆ ಮನಿತನ ನೀ ಹೊಗಳಿದ್ದು ಕೇಳಿ ನನಗ ಮನಸಾತು ನೋಡು. ಇವನ ಅಕ್ಕನ್ನ ನನ್ನ ಮಗಗ ತಗೊಳ್ಳಾಕತ್ತೇವಿ. ಹುಡುಗಿನೂ ಹೂಂ ಅಂದಾಳಂತ. ಮೈಕ್ ಕೈಯಾಗೇ ಅದ, ಹೇಳಿಬಿಡು!"

ಸಿದ್ದಲಿಂಗ ಹೇಳಿದ. ದನಿ ಈ ಸಲ ನಿಜವಾಗಿಯೇ ಹೋಗಿತ್ತು, ಆದರೂ ಎಲ್ಲರಿಗೂ ಕೇಳಿಸಿತು. ಅಷ್ಟು ಹೊತ್ತು ಕೈಕಟ್ಟಿ ಕೂತಿದ್ದ ಇಡೀ ಖಜೂರಿ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಎಲ್ಲರಿಗಿಂತ ಜೋರಾಗಿ ಹೊಡೆದವಳು ಖಾಲಾ.